ತಣ್ಣಗಿದ್ದ ಚಕ್ರ

“ಗುರುಗಳೇ, ನನ್ನ ಸಾಧನೆ ಸಡಿಲವಾಯಿತೇ?” ಎಂದು ಶಿಷ್ಯನೊಬ್ಬ ಕೇಳಿದ. ಆಶ್ರಮದ ಅಡುಗೆಮನೆಯನ್ನು ನೋಡಿಕೊಳ್ಳುತ್ತಿದ್ದವನು ಅವನು.

“ಮೊದಲು ದಿನಕ್ಕೆ ಹತ್ತು ಸಲ ಕೋಪ ಬರುತ್ತಿತ್ತು. ಹಲ್ಲು ಕಚ್ಚಿ ತಡೆಯುತ್ತಿದ್ದೆ. ಮಲಗುವಾಗ, ಇವತ್ತೂ ಗೆದ್ದೆ ಅನ್ನಿಸುತ್ತಿತ್ತು. ನೀವು ಹೇಳಿದಂತೆ, ಒಲೆ ಹಚ್ಚುವ ಮೊದಲು ಒಂದು ಗಳಿಗೆ ಸುಮ್ಮನೆ ಕೂರತೊಡಗಿದ ಮೇಲೆ ಕೋಪ ಅಷ್ಟು ಏರುವುದೇ ಇಲ್ಲ. ತಡೆಯುವ ಕೆಲಸವೇ ಇಲ್ಲ. ಏನೂ ಮಾಡದೆ ದಿನ ಕಳೆಯುತ್ತಿದ್ದೇನೆ ಅನ್ನಿಸುತ್ತದೆ. ಕೂರುವುದನ್ನು ಬಿಟ್ಟುಬಿಡಲೇ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಲಾರಿ ಚಾಲಕನಿದ್ದ. ಇಪ್ಪತ್ತೆಂಟು ವರ್ಷ ಒಂದೇ ಘಾಟಿಯಲ್ಲಿ ಕಲ್ಲಿನ ದಿಮ್ಮಿ ಹೇರಿಕೊಂಡು ಇಳಿದವನು. ಬ್ರೇಕು ಒತ್ತಿ ಒತ್ತಿ ಇಳಿಯುವಷ್ಟರಲ್ಲಿ ಚಕ್ರಗಳು ಕಾದು ಹೊಗೆಯಾಡುತ್ತಿದ್ದವು. ಘಾಟಿಯ ಬುಡದ ಚಹಾ ಅಂಗಡಿಯಲ್ಲಿ ಚಾಲಕರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಇಳಿದು ಬಂದವನ ಚಕ್ರಕ್ಕೆ ನಾಲ್ಕು ಹನಿ ನೀರು ಚಿಮುಕಿಸುವರು. ಚುಂಯ್ ಎಂದು ಜೋರಾಗಿ ಸದ್ದಾದರೆ ಅವನು ಗಂಡಸು. ಮೊದಲ ಚಹಾ ಅವನಿಗೆ. ಈ ಚಾಲಕನಿಗೆ ಮೊದಲ ಚಹಾ ತಪ್ಪಿದ್ದೇ ಇಲ್ಲ.

ಒಂದು ವರ್ಷ ಬ್ರೇಕು ಕಾದು ಹಿಡಿಯದೆ ಎರಡು ಲಾರಿಗಳು ಪ್ರಪಾತಕ್ಕೆ ಉರುಳಿದವು. ಹೆದರಿದ ಮಾಲೀಕ ತನ್ನ ಲಾರಿಗಳಿಗೆಲ್ಲ ಇನ್ನೊಂದು ಬ್ರೇಕು ಹಾಕಿಸಿದ. ಅದು ಚಕ್ರವನ್ನು ಮುಟ್ಟುವುದಿಲ್ಲ. ಎಂಜಿನ್ನಿನ ಹೊಗೆ ಹೋಗುವ ದಾರಿಯನ್ನು ಅಡ್ಡಗಟ್ಟಿ, ಎಂಜಿನ್ನೇ ಲಾರಿಯನ್ನು ಹಿಂದಕ್ಕೆ ಹಿಡಿಯುವಂತೆ ಮಾಡುತ್ತದೆ. ಲಾರಿಯನ್ನು ನಿಲ್ಲಿಸಲಾರದು, ಓಡಲೂ ಬಿಡದು.

ಚಾಲಕ ಮೆಕ್ಯಾನಿಕನ ಮೇಲೆ ರೇಗಿದ. “ಯಾಕಪ್ಪಾ, ನನ್ನ ಕಾಲಿನ ಮೇಲೆ ನಂಬಿಕೆ ಹೋಯ್ತಾ?”

“ನಿನ್ನ ಕಾಲಿನ ಮೇಲೆ ಪೂರ್ತಿ ನಂಬಿಕೆ ಇದೆಯಣ್ಣ. ಕಾಲಿನ ಕೆಳಗಿರೋದು ಕಬ್ಬಿಣ. ಅದಕ್ಕೆ ನಿನ್ನ ಸರ್ವಿಸ್ ಎಷ್ಟು ಅಂತ ಗೊತ್ತಿಲ್ವಲ್ಲ!”

ಮೊದಲ ದಿನ ಹೊಸ ಬ್ರೇಕು ಹಾಕಿಕೊಂಡು ಇಳಿದ. ಬುಡದಲ್ಲಿ ನೀರು ಚಿಮುಕಿಸಿದರು. ಸದ್ದಿಲ್ಲ. ನೀರು ಸುಮ್ಮನೆ ಜಾರಿ ನೆಲಕ್ಕೆ ಬಿತ್ತು.

“ಏನಣ್ಣೋ, ಲಾರಿ ಓಡಿಸಿದ್ಯೋ, ಹಿಂದೆ ಮಲಗಿಕೊಂಡು ಬಂದ್ಯೋ?” ಎಂದು ಒಬ್ಬ ನಕ್ಕ.

“ಬಿಡ್ರೋ, ವಯಸ್ಸಾಯ್ತು. ಕಾಲು ನೋಯುತ್ತೆ ಪಾಪ,” ಎಂದ ಇನ್ನೊಬ್ಬ. ಮೊದಲ ಚಹಾ ಬೇರೆಯವನಿಗೆ ಹೋಯಿತು.

ಮರುದಿನ ಘಾಟಿಯ ತುದಿಯಲ್ಲಿ ಅವನ ಕೈ ಹೊಸ ಬ್ರೇಕಿನ ಗುಂಡಿಯವರೆಗೆ ಹೋಗಿ ಹಿಂದೆ ಬಂತು. ಇವತ್ತು ಆ ಸದ್ದು ಬೇಕು ಎಂದುಕೊಂಡ. ಲಾರಿ ಮುಂದಕ್ಕೆ ಬಾಗಿತು. ಹಿಂದೆ ದಿಮ್ಮಿಗಳು ನರಳಿದವು. ಕಬ್ಬಿಣಕ್ಕೆ ಏನೂ ಗೊತ್ತಿಲ್ಲ ಎಂಬ ಮೆಕ್ಯಾನಿಕನ ಮಾತು ನೆನಪಾಯಿತು. ತನ್ನನ್ನು ತಾನೇ ಬೈದುಕೊಳ್ಳುತ್ತ ಗುಂಡಿ ಒತ್ತಿದ. ಹದಿನೆಂಟು ತಿರುವು ಇಳಿದರೂ ಕಾಲಿಗೆ ಕೆಲಸವಿಲ್ಲ. ಅಳು ಬರುವಷ್ಟು ಅವಮಾನವಾಯಿತು.

ಕೊನೆಯ ತಿರುವು. ರಸ್ತೆಯ ನಡುವೆ ಟಯರು ಒಡೆದ ಒಂದು ವ್ಯಾನು. ಅದರ ನೆರಳಿನಲ್ಲಿ ಹೆಂಗಸರು, ಮಕ್ಕಳು ಬಟ್ಟೆ ಹಾಸಿಕೊಂಡು ಚಿತ್ರಾನ್ನ ತಿನ್ನುತ್ತಿದ್ದಾರೆ. ಒಬ್ಬ ಗಂಡಸು ಈ ಕಡೆಗೆ ಬೆನ್ನು ಹಾಕಿ ಕುಕ್ಕರುಗಾಲಲ್ಲಿ ಕೂತು ಚಕ್ರ ಬಿಚ್ಚುತ್ತಿದ್ದಾನೆ. ಎಡಕ್ಕೆ ಬಂಡೆ, ಬಲಕ್ಕೆ ಪ್ರಪಾತ.

ಚಾಲಕ ಎದ್ದು ನಿಂತಂತೆ ಬ್ರೇಕು ತುಳಿದ. ಅಲ್ಲಿಯವರೆಗೆ ದುಡಿಯದೆ ತಣ್ಣಗಿದ್ದ ಬ್ರೇಕು ಒಂದೇ ಸಲಕ್ಕೆ ಕಚ್ಚಿತು. ಲಾರಿ ಎರಡು ಮಾರು ದೂರದಲ್ಲಿ ನಿಂತಿತು.

ಕೂತವನು ತಿರುಗಿ ನೋಡಿದ. “ಬಂದ್ಯಾ ಅಣ್ಣ, ಒಳ್ಳೇದಾಯ್ತು. ಒಂದು ಜಾಕ್ ಇದ್ರೆ ಕೊಡು. ನಮ್ಮದು ಮೇಲೇಳ್ತಾನೇ ಇಲ್ಲ.”

ಚಾಲಕ ಇಳಿದು ಜಾಕ್ ಕೊಟ್ಟ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಹೇಳಿದ: “ಕೂರುವುದನ್ನು ಬಿಡುವುದಿಲ್ಲ ಗುರುಗಳೇ. ಆದರೆ ಹೋರಾಟವೇ ಇಲ್ಲದಿದ್ದರೆ, ಗೆದ್ದೆನೆಂದು ನನಗೆ ತಿಳಿಯುವುದು ಹೇಗೆ?”

ಗುರುಗಳು ಹೇಳಿದರು: “ನಿನ್ನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವವರು ಈಗೀಗ ಹಾಡಿಕೊಳ್ಳುತ್ತಾರೆ, ನೀನು ದಿನಾ ಗೆಲ್ಲುತ್ತಿದ್ದಾಗ ಒಬ್ಬರೂ ಹಾಡುತ್ತಿರಲಿಲ್ಲ.”