ಕಳಸಪ್ಪ ಬಾಗಿಲು ತೆಗೆದದ್ದು

ಗೋಡೆಗೊಂದು ಬಾಗಿಲು, ಬಾಗಿಲಿಗೊಂದು ಕಥೆ ಇದ್ದ ಕಾಲ. ಒಂದೂರಲ್ಲಿ ಮೌನಾಚಾರಿ ಅಂತ ಒಬ್ಬ ಬಡಗಿ ಇದ್ದನಂತೆ. ಹೆಸರಷ್ಟೇ ಮೌನ; ಬಾಯಿ ಬಿಟ್ಟರೆ ಏಳು ಊರಿಗೆ ಕೇಳಿಸುತ್ತಿತ್ತಂತೆ. ಆ ಏಳು ಊರಿನ ಏಳುನೂರು ಮನೆಗೂ ಬಾಗಿಲು ಕಿಟಕಿ ಕೂರಿಸಿದವನು ಅವನೇ. ಅವನು ಕೂರಿಸಿದ ಕಿಟಕಿಯಲ್ಲಿ ಗಾಳಿ ಕೂಡ ಅಪ್ಪಣೆ ಕೇಳಿ ಒಳಗೆ ಬರುತ್ತಿತ್ತಂತೆ. ಸುಳ್ಳು ಅನ್ನೋರು ಗಾಳಿಯನ್ನೇ ವಿಚಾರಿಸಿಕೊಳ್ಳಲಿ.

ಅವನ ಹತ್ತಿರ ಕಸುಬು ಕಲಿಯಲು ಅಕ್ಕನ ಮಗ ಕಳಸಪ್ಪ ಬಂದ. ಮೀಸೆ ಬಲಿತ ಆಳು. ಹೇಳಿದ್ದನ್ನು ಹೇಳಿದ ಹಾಗೇ ನಂಬುವವನು. ಒಂದು ದಿನ ಮಾವ ತನ್ನ ಕೈಯಾರೆ ತನಗೊಂದು ಕೊಡತಿ, ಅಂದರೆ ಮರದ ಸುತ್ತಿಗೆ, ಕೊಟ್ಟು, 'ಇನ್ನು ನೀನೂ ಆಚಾರಿ' ಅನ್ನಬೇಕು, ಅದೊಂದೇ ಅವನ ಆಸೆ.

ಮಾವ ಮೊದಲ ದಿನವೇ ಪಾಠ ಹೇಳಿದ: "ನೋಡಳಿಯ, ನಮ್ಮ ಕಸುಬಲ್ಲಿ ಎರಡೇ ಮಾತು. ಬಾಗಿಲು ಹಾಕು ಅಂದ್ರೆ ಚೌಕಟ್ಟಿಗೆ ಕೂರಿಸು. ಬಾಗಿಲು ತೆಗೆ ಅಂದ್ರೆ ಕೀಲು ಬಿಚ್ಚಿ ಇಳಿಸು. ಆದ್ರೆ ನಾನು ಹಾಕಿದ್ದನ್ನ ತೆಗೆಯೋ ಪ್ರಸಂಗ ಇವತ್ತಿನವರೆಗೂ ಬಂದಿಲ್ಲ, ತಿಳ್ಕೊ!"

ಕಳಸಪ್ಪ ತಿಳಿದುಕೊಂಡ.

ಸಂಜೆ ಅತ್ತೆ ಕಾಳವ್ವ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಬಂದಳು. "ಕಳಸಪ್ಪಾ, ಬಾಗಿಲು ತೆಗಿಯಪ್ಪಾ!"

ತೆಗೆದ. ಕೀಲಿನ ಕಡ್ಡಿಗಳನ್ನು ಟಣ್ ಟಣ್ ಅಂತ ಹೊಡೆದು, ಬಾಗಿಲನ್ನೇ ಇಳಿಸಿ ಗೋಡೆಗೆ ಒರಗಿಸಿದ. ಅತ್ತೆ ಒಳಗೆ ಬಂದಳು, ಅವಳ ಹಿಂದೆಯೇ ಪಕ್ಕದ ಮನೆಯ ಮೇಕೆ ಬಂತು. "ಅಯ್ಯೋ, ಹಾಕೋ ಬಾಗಿಲು!" ಹಾಕಿದ. ಅಷ್ಟರಲ್ಲಿ ಮೇಕೆ ಮೂರು ರೊಟ್ಟಿ ಮುಗಿಸಿ ನಾಲ್ಕನೆಯದಕ್ಕೆ ಚಟ್ನಿ ಹುಡುಕುತ್ತಿತ್ತಂತೆ.

ಅಂದಿನಿಂದ ಬಂದವರೆಲ್ಲ "ಬಾಗಿಲು ತೆಗಿ" ಅನ್ನುವುದು, ಇವನು ತೆಗೆಯುವುದು. "ಹಾಕು" ಅನ್ನುವುದು, ಇವನು ಹಾಕುವುದು. ತೆಗೆದು ಹಾಕಿ, ಹಾಕಿ ತೆಗೆದು, ಎಲೆಅಡಿಕೆ ಬಾಯಿಗಿಟ್ಟು ಉಗುಳುವಷ್ಟರಲ್ಲಿ ಬಾಗಿಲು ಇಳಿಸುವಷ್ಟು ಅವನ ಕೈ ಪಳಗಿತು. ಮಾವನ ತಾಳ್ಮೆ ಮಾತ್ರ ಮುಗಿಯಿತು. "ಇನ್ನೊಂದು ಸಲ ಹೀಗೆ ತೆಗೆದ್ಯೋ, ಕೊಡತಿಯ ಆಸೆ ಬಿಟ್ಟು ನಿಮ್ಮೂರಿಗೆ ನಡಿ!"

"ಬೈಬೇಡಿ," ಅಂದಳು ಕಾಳವ್ವ, ಅಳಿಯನ ತಟ್ಟೆಗೆ ಇನ್ನೊಂದು ಮುದ್ದೆ ಹಾಕುತ್ತ. "ಹೇಳಿಕೊಟ್ಟೋರು ನೀವೇ ತಾನೆ?"

ಆ ವರ್ಷ ಏಳು ಹಗಲು ಏಳು ರಾತ್ರಿ ಮಳೆ ಹೊಯ್ಯಿತಂತೆ. ಅರಮನೆಯ ಬಚ್ಚಲುಮನೆಗೆ ಮೌನಾಚಾರಿ ಇರುವೆ ನುಸುಳದಷ್ಟು ಬಿಗಿಯಾಗಿ ಬಾಗಿಲು ಕೂರಿಸಿದ್ದ. ನೀರು ಕುಡಿದ ಮರ ಉಬ್ಬಿತು. ಒಳಗೆ ಎಣ್ಣೆ ಸ್ನಾನಕ್ಕೆ ಹೋದ ದೊರೆ ಒಳಗೇ ಉಳಿದ. ಹೊರಗೆ ಯುದ್ಧದ ಮಾತು ಹೊತ್ತು ಬಂದ ಪಕ್ಕದ ರಾಜ್ಯದ ರಾಯಭಾರಿ ಕಾದು ಕೂತಿದ್ದ. ನಾಲ್ಕು ಜನ ಭಟರು ಹಿಡಿ ಹಿಡಿದು ಎಳೆದರು. ಹಿಡಿ ಕೈಗೆ ಬಂತು, ಬಾಗಿಲು ಬರಲಿಲ್ಲ. ಮೌನಾಚಾರಿಗೆ ಕರೆ ಹೋಯಿತು; ಉಳಿ ಹಿಡಿದು ಅಳಿಯನ ಜೊತೆ ಓಡಿ ಬಂದ.

"ಬಾಗಿಲು ತೆಗೀರೋ!" ಅಂತ ದೊರೆ ಒಳಗಿಂದ ಕೂಗಿದ. "ಆಗದಿದ್ರೆ ಆನೆ ಕರೆಸಿ ಮುರಿಸಿ! ಆಮೇಲೆ ಇದನ್ನ ಹಾಕಿದವನನ್ನ ಊರು ಬಿಡಿಸಿ!"

ಆನೆಯ ಗಂಟೆ ಅಂಗಳದಲ್ಲಿ ಕೇಳಿಸಿತು. ಮೌನಾಚಾರಿ ಹುಟ್ಟಿದ ಮೇಲೆ ಮೊದಲ ಸಲ ಮೌನವಾದ. ಕಳಸಪ್ಪ ಮೆಲ್ಲಗೆ ಪಕ್ಕಕ್ಕೆ ಬಂದ.

"ಮಾವ, ದೊರೆ ಏನಂತಿದಾರೆ?"

"ಬಾಗಿಲು ತೆಗಿ ಅಂತಿದಾರೆ ಕಣೋ."

"ನಿಮ್ಮ ಥರ ತೆಗೀಬೇಕೋ, ನನ್ನ ಥರಾನೋ?"

ಮಾವ ಬಾಗಿಲು ನೋಡಿದ, ಆನೆ ನೋಡಿದ, ಅಳಿಯನ ಮುಖ ನೋಡಿದ. "ನಿನ್ನ ಥರಾನೇ ತೆಗಿಯೋ, ನನ್ನಪ್ಪಾ!"

ಎಲ್ಲರೂ ಹಿಡಿಯ ಕಡೆ ಎಳೆಯುತ್ತಿದ್ದರೆ ಕಳಸಪ್ಪ ಕೀಲಿನ ಕಡೆ ಹೋದ. ಟಣ್. ಟಣ್. ಟಣ್. ಮೂರು ಕಡ್ಡಿ ಬಿದ್ದವು, ಬಾಗಿಲು ಇಡಿಯಾಗಿ ಅವನ ತೋಳಿಗೆ ಬಂತು. ಎದುರಿಗೆ ಒದ್ದೆ ಪಂಚೆಯ ದೊರೆ, ಮೈಯೆಲ್ಲ ಸೀಗೆಪುಡಿ. ಇಡೀ ಆಸ್ಥಾನ ಕಣ್ಣು ಬಿಟ್ಟಿತು.

"ಹಾಕೋ! ಬಾಗಿಲು ಹಾಕೋ!"

"ಯಾರ ಥರ, ಬುದ್ಧಿ?"

"ಯಾರ ಥರಾನಾದ್ರೂ!"

ಕಳಸಪ್ಪ ಬಾಗಿಲನ್ನೇ ದೊರೆಯ ಮುಂದೆ ಅಡ್ಡ ಹಿಡಿದು ಅಂತಃಪುರದವರೆಗೆ ನಡೆಸಿಕೊಂಡು ಹೋದನಂತೆ. ಕೆಳಗೆ ನಾಲ್ಕು ಕಾಲು, ಮೇಲೆ ಬಾಗಿಲು. ರಾಯಭಾರಿ ಎದ್ದು ನಿಂತು ಕೈ ಮುಗಿದ: "ನಮ್ಮಲ್ಲಿ ದೊರೆ ಬಾಗಿಲಿನ ಹತ್ತಿರ ಹೋಗಬೇಕು. ಇಲ್ಲಿ ಬಾಗಿಲೇ ದೊರೆಯ ಜೊತೆ ಬರುತ್ತೆ. ಇಂಥ ರಾಜ್ಯದ ಮೇಲೆ ಯುದ್ಧವೇ?" ದೊರೆಗೆ ನಗು ಬಂತು, ಸಿಟ್ಟು ಹೋಯಿತು.

ಮಾವ ಬಾಗಿಲ ಅಂಚು ಕೆತ್ತಿ, ಮಳೆಗೆ ಉಬ್ಬಲೂ ಅಷ್ಟು ಜಾಗ ಬಿಟ್ಟು, ಅಳಿಯನ ಕೈಯಲ್ಲೇ ಮತ್ತೆ ಹಾಕಿಸಿದ. ಮನೆಗೆ ಬಂದವನೇ ತನ್ನ ಹಳೆಯ ಕೊಡತಿಯನ್ನು ಅವನ ಮಡಿಲಿಗಿಟ್ಟ. "ಹಾಕೋದು ನಾನು ಕಲಿಸಿದೆ, ತೆಗೆಯೋದು ನೀನು ಕಲಿಸಿದೆ. ಇನ್ನು ನೀನೂ ಆಚಾರಿ."

ಅವರು ಆ ಬಾಗಿಲೊಳಗೆ ಸುಖವಾಗಿದ್ದರಂತೆ, ನಾವು ಈ ಬಾಗಿಲೊಳಗೆ ಸುಖವಾಗಿದ್ದೇವೆ. ಕಥೆ ಆಯಿತು; ಏಳುವವರು ಬಾಗಿಲು ಹಾಕಿಕೊಂಡು ಹೋಗಿ, ಕಳಸಪ್ಪನ ಥರ ಅಲ್ಲ.