ಮಸ್ತಾನ್ ಉಸ್ತಾದ್ರು ಬಿಗಿದ ಬೋಲ್ಟು

"ಉಸ್ತಾದ್! ಉಸ್ತಾದ್! ದೇವರಾಣೆಗೂ ನೀವು ನಂಬಲ್ಲ! ಬಂದೇ ಬಿಡ್ತು!"

ಹಾಲೇಶ ಗ್ಯಾರೇಜಿಂದ ಹೊಳೆ ದಂಡೆ ತನಕ ಓಡ್ಕೊಂಡೇ ಬಂದಿದ್ದ, ಒಂದು ಚಪ್ಪಲಿ ದಾರೀಲೇ ಬಿಟ್ಟು.

ಅವನಿಗೆ ಕೆಲಸ ಕಲಿಸ್ತಿದ್ದ ದಸ್ತಗೀರ್ ಉಸ್ತಾದ್ರು ನೀರಿಗಿಳಿದು ಗ್ರೀಸ್ ಕೈ ತೊಳೀತಿದ್ರು.

"ಏನಪ್ಪಾ ಬಂತು?"

"ಆ ಅಂಬಾಸಡರ್ ವಾಟರ್ ಪಂಪಿನ ಕೊನೇ ಬೋಲ್ಟು! ತುಕ್ಕು ಹಿಡಿದು ಕಲ್ಲಾಗಿತ್ತಲ್ಲ, ಅದೇ! ಸ್ಪ್ಯಾನರಿಗೆ ಉದ್ದಕ್ಕೆ ಒಂದು ಪೈಪ್ ಸಿಗಿಸಿ, ಮೈ ಭಾರವೆಲ್ಲ ಬಿಟ್ಟೆ ನೋಡಿ, ಟಕ್ ಅಂತು! ಬೆಣ್ಣೆ ಥರ ಬಂತು!"

ಉಸ್ತಾದ್ರು ಅವನ ಅಂಗೈ ನೋಡಿದ್ರು.

"ತಲೆ ಬಂದಿದೆ. ಮೈ ಎಲ್ಲಿ?"

ಹಾಲೇಶನೂ ನೋಡಿದ. ಬರೀ ಬೋಲ್ಟಿನ ತಲೆ! ಮೈ ಮುರಿದು ಎಂಜಿನ್ ಒಳಗೇ ಉಳಿದಿತ್ತು.

ಕಾರು ಕೊಟ್ರಮ್ಮ ಟೀಚರದ್ದು. ಅವರು ಈ ಊರಿಗೆ ಮದುವೆಯಾಗಿ ಬಂದಿದ್ದೇ ಅದರಲ್ಲಿ. ನಾಳೆ ಬೆಳಿಗ್ಗೆ ಮೊಮ್ಮಗಳು ಮದುಮಗಳಾಗಿ ಛತ್ರಕ್ಕೆ ಹೋಗ್ಬೇಕಾಗಿರೋದೂ ಅದರಲ್ಲೇ. "ನಾನೊಬ್ನೇ ರೆಡಿ ಮಾಡಿ ಕೊಡ್ತೀನಿ ಟೀಚರ್, ನೋಡ್ತಿರಿ!" ಅಂತ ಎದೆ ತಟ್ಟಿ ಹೇಳಿದ್ದು ಇವನೇ. ಒಳಗಿರೋ ತುಂಡು ಬರದೆ ಹೊಸ ಪಂಪ್ ಕೂರಲ್ಲ, ಪಂಪ್ ಕೂರದೆ ಗಾಡಿ ಹೊರಡಲ್ಲ.

"ಡ್ರಿಲ್ ಹೊಡೆದು ತೆಗೀಲಾ ಉಸ್ತಾದ್?"

"ಹೊಡಿ. ಸ್ವಲ್ಪ ಜಾರಿದ್ರೆ ಎಂಜಿನ್ ಬ್ಲಾಕೇ ಹೋಗುತ್ತೆ. ಇನ್ನೊಂದು ಬ್ಲಾಕ್ ಎಲ್ಲಿದೆ, ನಿಮ್ಮ ಮಾವನ ಮನೇಲಾ?"

ಬೈತಾ ಬೈತಾ ಬೋಲ್ಟಿನ ತಲೆ ತಿರುಗಿಸ್ತಿದ್ದ ಉಸ್ತಾದ್ರ ಹೆಬ್ಬೆರಳು ನಿಂತ್ಬಿಡ್ತು. ಅದರ ಮೇಲೆ ಸಣ್ಣದೊಂದು ಚುಕ್ಕೆ, ಮೊನೆ ಪಂಚ್ ಇಟ್ಟು ಹೊಡೆದಿದ್ದು.

"ನನಗೆ ಕೆಲಸ ಕಲಿಸಿದ ಮಸ್ತಾನ್ ಉಸ್ತಾದ್ರ ಗುರುತು ಕಣೋ ಇದು! ತಾವು ಬಿಗಿ ಮಾಡಿದ ಬೋಲ್ಟಿಗೆಲ್ಲ ಒಂದು ಚುಕ್ಕೆ. ಆವಾಗ ಈ ದಂಡೆ ಮೇಲೇ ತೆಂಗಿನ ಗರಿ ಶೆಡ್ಡು. ಅಂಬಾಸಡರ್‌ಗಳು ಎಮ್ಮೆ ಥರ ಸಾಲಾಗಿ ನಿಂತಿರೋವು. ಅವರು ಸ್ಪ್ಯಾನರ್ ಹಾಕಿ ಕಿವಿ ಕೊಡೋರು. ನಾವು ಹಿಂದೆ ನಿಂತು ನಗ್ತಿದ್ವಿ."

"ಕಿವಿ ಯಾಕೆ?"

"ಬೋಲ್ಟ್ ಏನನ್ನುತ್ತೆ ಅಂತ ಕೇಳೋಕೆ."

"ಏನನ್ನುತ್ತೆ?"

"ನನಗಿನ್ನೂ ಅರ್ಧಂಬರ್ಧ ಕೇಳ್ಸುತ್ತೆ. ನಡಿ."

ಗ್ಯಾರೇಜಿಗೆ ಬಂದು ಉಸ್ತಾದ್ರು ಎಂಜಿನ್ನಲ್ಲಿ ಉಳಿದಿದ್ದ ತುಂಡಿನ ತುದಿಗೆ ಒಂದು ನಟ್ ಇಟ್ಟು ವೆಲ್ಡಿಂಗ್ ಹಾಕಿದ್ರು. ಬಿಸಿ ಇರೋವಾಗ್ಲೇ ಬುಡಕ್ಕೆ ಮೇಣದಬತ್ತಿ ಒತ್ತಿದ್ರು. ಮೇಣ ಕರಗಿ ಎಣ್ಣೆ ಥರ ಸಂದಿಗೆ ಸರಸರ ಇಳೀತು.

"ಏನ್ ಉಸ್ತಾದ್, ಬೋಲ್ಟಿಗೂ ಪೂಜೆನಾ?"

"ಹೂಂ. ಪ್ರಸಾದಕ್ಕೆ ಟೀ ತಗೊಂಬಾ."

"ಈಗಾ? ಮದುವೆ ನಾಳೆ!"

"ಅದಕ್ಕೇ. ನಿಧಾನಕ್ಕೆ ಹೋಗಿ ಬಾ."

ಟೀ ಕುಡಿದಾಯ್ತು. ಉಸ್ತಾದ್ರು ಆ ನಟ್ಟಿಗೆ ಸ್ಪ್ಯಾನರ್ ಹಾಕಿ, ಕಿವಿ ಹತ್ರ ತಂದು, ಮೆಲ್ಲಗೆ ಒತ್ತಿದ್ರು.

"ಅಯ್ಯಯ್ಯೋ, ಉಲ್ಟಾ! ಆ ಕಡೆ ಬಿಗಿ ಆಗುತ್ತೆ ಉಸ್ತಾದ್!"

"ಗೊತ್ತು."

ಕೂದಲೆಳೆಯಷ್ಟು ಬಿಗಿ ಮಾಡಿದ್ರು. ಒಳಗೆಲ್ಲೋ 'ಕಿರ್' ಅಂತು. ಆಮೇಲೆ ಅಷ್ಟೇ ಸಡಿಲ. ಮತ್ತೆ ಬಿಗಿ. ಮತ್ತೆ ಸಡಿಲ, ಈ ಸಲ ಸ್ವಲ್ಪ ಜಾಸ್ತಿ. ಬಾಯಿಗೆ ಬೀಗ ಅನ್ನೋದೇ ಗೊತ್ತಿಲ್ಲದ ಹಾಲೇಶನೂ ಬಗ್ಗಿ ಕಿವಿ ಕೊಟ್ಟ. ತುಕ್ಕಿನ ಪುಡಿ ಉದುರಿಸ್ಕೊಂಡು ತುಂಡು ನಿಧಾನಕ್ಕೆ ಹೊರಗೆ ಬಂತು.

"ಬಂತು! ಈ ಸಲ ಪೂರ್ತಿ ಬಂತು! ಗಾಡಿ ಹೊರಡುತ್ತೆ ಉಸ್ತಾದ್! ಆದ್ರೆ ಬಿಚ್ಚಬೇಕಾಗಿರೋದನ್ನ ಯಾರಾದ್ರೂ ಬಿಗಿ ಮಾಡ್ತಾರಾ?"

ಉಸ್ತಾದ್ರು ಬೆಚ್ಚಗಿದ್ದ ತುಂಡನ್ನ ಅವನ ಅಂಗೈಗೆ ಹಾಕಿದ್ರು.

"'ಏನೇ ಆಗ್ಲಿ, ಬಿಡಬೇಡ' ಅಂತ ಹೇಳಿ ಕೂರಿಸಿ ಹೋದ್ರು ಮಸ್ತಾನ್ ಉಸ್ತಾದ್ರು ಇದನ್ನ. ಇಷ್ಟು ವರ್ಷ ಬಿಡಲಿಲ್ಲ. ಇವತ್ತು ಯಾರೋ ಬಂದ, ಕೂದಲೆಳೆ ಬಿಗಿ ಮಾಡಿ 'ಭೇಷ್, ಚೆನ್ನಾಗಿ ಹಿಡ್ಕೊಂಡಿದ್ದೆ' ಅಂತ ಒಂದು ಮಾತೂ ಆಡದೆ, ಬಿಡು ಬಿಡು ಅಂತ ಕತ್ತು ಹಿಡಿದ. ಅದರ ಜಾಗದಲ್ಲಿ ನೀನಿದ್ದಿದ್ರೆ ಏನ್ ಮಾಡ್ತಿದ್ದೆ?"