ಹನಿಯ ಹೊಟ್ಟೆ ತೂಗಿದ ಹಂಪವ್ವ

ಯಾರ ಮನೆಗೆ ಹೋದರೂ ಹಂಪವ್ವ ಮೊದಲು ಬೆರಳು ನೀರಿಗದ್ದಿ, ಹಿಟ್ಟಿನ ಮೇಲೆ ಕೊಡವಿ, ಬಗ್ಗಿ ನೋಡುತ್ತಿದ್ದಳಂತೆ. ಯಾವ ಕಾಲವೋ ಗೊತ್ತಿಲ್ಲ ಮಕ್ಕಳೇ, ನನ್ನ ಅಜ್ಜಿಯ ಅಜ್ಜಿಗೂ ಅವಳು ಹಳಬಳೇ. ನೇಕಾರರದೊಂದು ಊರು, ಅಲ್ಲಿ ನೂಲು ಸುತ್ತುವ ಹೆಂಗಸು ಅವಳು.

ನೇಯುವ ಮುಂಚೆ ನೂಲನ್ನು ಓಣಿಯುದ್ದ ಎಳೆದು ಕಟ್ಟುತ್ತಿದ್ದರು. ಅದಕ್ಕೆ ಹಾಸು ಅನ್ನುತ್ತಾರೆ. ಓಕುಳಿ ಆಡುವಂಥ ಬಿದಿರಿನ ಜೀರ್ಕೊಳವೆಯಿಂದ ಅದರ ಮೇಲೆ ಗಂಜಿ ಹಾರಿಸಿದರೆ ನೂಲು ಗಟ್ಟಿ, ಆದರೆ ಹನಿ ದಪ್ಪವಾದರೆ ಎಳೆಗಳು ಒಂದಕ್ಕೊಂದು ಅಂಟುತ್ತವೆ. ಒಂದು ವರ್ಷ ಹಳೇ ಕೊಳವೆ ಸೀಳಿಹೋಗಿ, ಹೊಸದು ಮಾಡಿಸಿದ್ದರಂತೆ. ಎಳೆಗೆ ಎಳೆ ಅಂಟಿತು, ಬಿಡಿಸಹೋದರೆ ಹರಿಯಿತು, ಎರಡು ಹಾಸು ಹಾಳಾದವು. ಉಳಿದದ್ದು ಓಣಿಯವರೆಲ್ಲ ಕೂಡಿಟ್ಟ ಒಂದೇ ಹಾಸಿನ ನೂಲು. ಅದೂ ಕೆಟ್ಟರೆ ಮಳೆಗಾಲ ಮುಗಿದು ನೂಲಿನ ಬಂಡಿ ಬರುವ ತನಕ ಹನ್ನೊಂದು ಮಗ್ಗ ಸುಮ್ಮನೆ ನಿಲ್ಲಬೇಕು, ಹನ್ನೊಂದು ಒಲೆಯೂ.

ಓಣಿಯ ಹಿರಿಯ ಮುರಿಗೆಪ್ಪ ಮಾತ್ರ, ನೂರಕ್ಕೆ ಎಂಬತ್ತು ಹನಿ ಗಸಗಸೆಯಷ್ಟೇ ಸಣ್ಣವು, ತಪ್ಪು ಕೊಳವೆಯದಲ್ಲ ಅಂದನಂತೆ.

ಹಂಪವ್ವ ಪರಾತದ ತುಂಬ ಜೋಳದ ಹಿಟ್ಟು ಹರವಿ ಅದರ ಮೇಲೆ ಗಂಜಿ ಹಾರಿಸಿದಳು. ಬಿದ್ದ ಹನಿಯೆಲ್ಲ ಹಿಟ್ಟಿನ ಕಾಳಾದವು. ಒಣಗಿಸಿ, ಜರಡಿ ಹಿಡಿದು, ಅಕ್ಕಸಾಲಿಯ ತಕ್ಕಡಿಯಲ್ಲಿ ತೂಗಿದಳು. ಸಾಸಿವೆಯಂಥ ಇಪ್ಪತ್ತೇ ಇಪ್ಪತ್ತು, ಆ ಎಂಬತ್ತರ ಎರಡರಷ್ಟು ತೂಗಿದವಂತೆ.

"ತಲಿ ಎಣಿಸಿದಿ ಕಾಕಾ, ಹೊಟ್ಟಿ ತೂಗಲಿಲ್ಲ. ದೊಡ್ಡ ಒಂದರ ಹೊಟ್ಟ್ಯಾಗ ಸಣ್ಣವು ಎಂಟು ಕುಂತಾವ."

"ಹನಿಗೆ ಜಾತಕ ಬರ್ಯಾಕ ಹೊಂಟ್ಯೇನವಾ?" ಮುರಿಗೆಪ್ಪ ನಕ್ಕ, ಓಣಿಯೆಲ್ಲ ನಕ್ಕಿತು.

"ಒಂದು ಹನೀದು ಯಾರಿಗೂ ಹೇಳಾಕ ಆಗೂದಿಲ್ರಿ. ಸಾವಿರ ಕೂಡಿದ್ರ ಹೇಳಬಹುದು."

ಕೊಳವೆಯ ತೂತು ಬದಲಿಸಿದಳು, ತೂಗಿದಳು. ಒತ್ತುವ ಬಿರುಸು ಬದಲಿಸಿದಳು, ಮತ್ತೆ ತೂಗಿದಳು. ಮನೆಯ ಹಿಟ್ಟೆಲ್ಲ ಕಾಳಾಗಿಹೋಗಿ, ನೆರೆಮನೆಯ ರೊಟ್ಟಿ ತಿಂದಳಂತೆ. ಕಡೆಗೆ ತೂತು ಇಷ್ಟು, ಬಿರುಸು ಇಷ್ಟು ಅಂದರೆ ಸಾಕು, ದೊಡ್ಡವೆಷ್ಟು ಸಣ್ಣವೆಷ್ಟು ಬೀಳುತ್ತವೆಂದು ಹಾರಿಸುವ ಮೊದಲೇ ಹೇಳುತ್ತಿದ್ದಳಂತೆ. ಒಂದು ಕೊಳವೆ ಹಿಡಿದು, ಜೋರಾಗಿ ಒತ್ತಿದರೆ ನೂರಕ್ಕೆ ಮೂರೇ ಸಾಸಿವೆ ಅಂದಳು. ಒತ್ತಿ ಎಣಿಸಿದರೆ ಮೂರೇ.

ಈಗ ಮುರಿಗೆಪ್ಪ ನಗಲಿಲ್ಲ. ಅದೇ ಕೊಳವೆ, ಅದೇ ಬಿರುಸು, ಉಳಿದ ಆ ಒಂದೇ ಹಾಸಿನ ಮೇಲೆ ಗಂಜಿ ಹಾರಿಸಿದ. ಓಣಿಯವರೆಲ್ಲ ಹಾಸಿನ ಎರಡೂ ಬದಿ ಬಂದು ನಿಂತರಂತೆ. ಒಣಗಿತು. ಬಾಚಿದ ಕೂದಲಿನ ಹಾಗೆ ಎಳೆಎಳೆ ಬೇರೆ! ಹನ್ನೊಂದೂ ಮಗ್ಗ ಸದ್ದು ಮಾಡಿದವು.

ನಿನಗೇನು ಕೊಡೋಣ ಎಂದು ಎಲ್ಲರೂ ಬೆನ್ನು ಹತ್ತಿದರೆ, ನೋಡೋಣ ತಡೀರಿ ಅಂದಳಂತೆ. ಹಾಗೆ ಅನ್ನುತ್ತಲೇ ವರ್ಷಗಳು ಕಳೆದವು, ಒಂದು ದಿನ ಅವಳೂ ಹೋದಳು.

ಇವತ್ತಿಗೂ ಆ ಓಣಿಯಲ್ಲಿ ವರ್ಷದ ಮೊದಲ ಹಾಸು ಎಳೆದ ದಿನ ಎಲ್ಲರೂ ಕೆಲಸ ನಿಲ್ಲಿಸುತ್ತಾರೆ. ಇದ್ದವರಲ್ಲಿ ಹಿರಿಯವಳು ನೂಲಿನ ಮೇಲೆ ಅಂಗೈಯಿಟ್ಟು ಕೇಳುತ್ತಾಳೆ:

"ಹಂಪವ್ವಾ, ಇದರಾಗ ನಿನಗೊಂದು ಸೀರಿ ನೇಯ್ತೀವಿ. ಅಂಚು ಯಾವ ಬಣ್ಣದ್ದಿರಲಿ, ಹೇಳವಾ."